ವ್ಯವಹಾರದ ಮಾತು: ಕೊಲ್ಲಿಯ ನಾಡಿನಲ್ಲಿ ಹೆಸರಿನ ಹಕ್ಕು

ಗೃಹಸ್ಥನಾದವನು ಹೊಲಕ್ಕೆ ಬೇಲಿಯನ್ನೂ ಮನೆಗೆ ಕ್ರಯಪತ್ರವನ್ನೂ ಒಡವೆಗೆ ಬೀಗವನ್ನೂ ಮರೆಯದೆ ಒದಗಿಸುತ್ತಾನೆ. ಆದರೆ ಹತ್ತಿಪ್ಪತ್ತು ವರ್ಷ ಬೆವರು ಸುರಿಸಿ ಗಳಿಸಿದ ತನ್ನ ಸರಕಿನ ಹೆಸರಿಗೆ ಅವನು ಯಾವ ಕಾವಲನ್ನೂ ಇಡದೆ ಇರುವುದುಂಟು. ಹೆಸರು ಕೈಗೆ ಸಿಕ್ಕುವ ವಸ್ತುವಲ್ಲ, ಅದನ್ನು ಕದಿಯುವವರಾರು ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಸ್ವದೇಶದಲ್ಲಿಯೇ ಅಪಾಯಕರ. ಸಮುದ್ರದಾಚೆಗೆ ಸರಕು ಕಳುಹಿಸುವವರಿಗಂತೂ ಬಹಳ ನಷ್ಟವನ್ನು ತರತಕ್ಕದ್ದು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ದುಬೈ, ಶಾರ್ಜಾ, ಅಬುಧಾಬಿಗಳು ನೆರೆಯೂರಿನಷ್ಟೇ ಪರಿಚಿತವಾಗಿವೆ. ಆದಕಾರಣ ಸಂಯುಕ್ತ ಅರಬ್ ಎಮಿರೇಟ್ಸ್ ದೇಶದಲ್ಲಿ ವ್ಯಾಪಾರದ ಮುದ್ರೆಯನ್ನು, ಎಂದರೆ ಟ್ರೇಡ್‌ಮಾರ್ಕನ್ನು, ರಕ್ಷಿಸಿಕೊಳ್ಳುವ ಬಗೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಮುದ್ರೆಯೆಂದರೇನು? ಒಬ್ಬರ ಸರಕನ್ನು ಮತ್ತೊಬ್ಬರ ಸರಕಿನಿಂದ ಬೇರ್ಪಡಿಸಿ ತೋರಿಸುವ ಗುರುತೇ ಮುದ್ರೆ. ಆನೆಯ ತಲೆಯೂ ಸಿಂಹದ ದೇಹವೂ ಉಳ್ಳ ಶರಭವನ್ನು ಕಂಡೊಡನೆ ಅಕ್ಷರ ಬಾರದವರೂ ಮೈಸೂರು ಸ್ಯಾಂಡಲ್ ಸಾಬೂನೆಂದು ಹೇಳುವರಲ್ಲವೆ? ಕೊಳ್ಳುವವನ ನಂಬಿಕೆಯೆಲ್ಲವೂ ಆ ಗುರುತಿನಲ್ಲಿ ಸೇರಿಕೊಂಡಿರುತ್ತದೆ. ಗುರುತು ಪರರ ಪಾಲಾದರೆ ನಂಬಿಕೆಯೂ ಅದರೊಡನೆ ಹೋಗುತ್ತದೆ.

ಈ ವಿಷಯದಲ್ಲಿ ಮೊದಲು ತಿಳಿಯಬೇಕಾದ ಸಂಗತಿ ಯಾವುದೆಂದರೆ, ಮುದ್ರೆಯ ಹಕ್ಕಿಗೆ ದೇಶದ ಗಡಿಯುಂಟು. ಭಾರತದಲ್ಲಿ ಪಡೆದ ನೋಂದಣಿ ಭಾರತದೊಳಗೆ ಮಾತ್ರ ಸಲ್ಲುತ್ತದೆ. ನಮ್ಮಲ್ಲಿ ನೋಂದಣಿಯಿಲ್ಲದಿದ್ದರೂ ಮೊದಲಿನಿಂದ ಬಳಸುತ್ತ ಬಂದವನಿಗೆ ನ್ಯಾಯಾಲಯವು ಆಶ್ರಯ ಕೊಡುವುದುಂಟು. ಆ ಧೈರ್ಯವನ್ನೇ ಹೊತ್ತುಕೊಂಡು ಕೊಲ್ಲಿಗೆ ಹೋಗುವುದು ಸರಿಯಲ್ಲ. ಅಲ್ಲಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವನೇ ಒಡೆಯನೆಂಬುದು ಕಾನೂನಿನ ಮೊದಲ ನೋಟ.

ಒಂದು ದೃಷ್ಟಾಂತವನ್ನು ಊಹಿಸೋಣ. ಉಡುಪಿಯ ಕಡೆಯ ಒಂದು ಮನೆಯವರು ಸಾರಿನ ಪುಡಿ, ಹಪ್ಪಳ, ಉಪ್ಪಿನಕಾಯಿಗಳನ್ನು ಮಾಡಿ ಹೆಸರು ಗಳಿಸಿದ್ದಾರೆ. ದುಬೈನ ಸಗಟು ವರ್ತಕನೊಬ್ಬನು ಅವರಿಂದ ಸರಕು ತರಿಸಿ ಮಾರುತ್ತಾನೆ. ಮಾರಾಟ ಚೆನ್ನಾಗಿ ನಡೆಯುವುದನ್ನು ಕಂಡು, ಪೆಟ್ಟಿಗೆಯ ಮೇಲಿನ ಹೆಸರನ್ನು ಅವನು ತನ್ನ ಹೆಸರಿಗೇ ರಿಜಿಸ್ಟರು ಮಾಡಿಸಿಕೊಳ್ಳುತ್ತಾನೆ. ಮುಂದೆ ದರದ ವಿಷಯದಲ್ಲಿ ಮನಸ್ತಾಪ ಬಂದು ಮನೆಯವರು ಬೇರೊಬ್ಬ ವರ್ತಕನಿಗೆ ಸರಕು ಕಳುಹಿಸಿದರೆ, ತಾವೇ ಇಟ್ಟ ಹೆಸರಿನ ಸರಕು ಅಲ್ಲಿ ಪರರ ಮುದ್ರೆಯ ನಕಲೆಂದು ತಡೆಯಲ್ಪಡುತ್ತದೆ! ದುರುದ್ದೇಶದಿಂದಾದ ನೋಂದಣಿಯನ್ನು ರದ್ದುಪಡಿಸಲು ಕಾನೂನಿನಲ್ಲಿ ದಾರಿಯಿಲ್ಲದಿಲ್ಲ. ಆದರೆ ದುರುದ್ದೇಶವನ್ನು ರುಜುಪಡಿಸುವ ಭಾರ ಕಳೆದುಕೊಂಡವನ ಮೇಲೆಯೇ ಬೀಳುತ್ತದೆ. ನೋಂದಣಿಯಾದಂದಿನಿಂದ ಐದು ವರ್ಷ ಯಾರ ತಕರಾರೂ ಇಲ್ಲದೆ ಎದುರಾಳಿಯು ಮುದ್ರೆಯನ್ನು ಬಳಸಿದ್ದರಂತೂ, ದುರುದ್ದೇಶವು ಸಿದ್ಧವಾದ ಹೊರತು ಅವನ ಹಕ್ಕನ್ನು ಅಲುಗಿಸಲಾಗದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗುವುದು.

ಅಂಗಡಿ ತೆರೆಯುವವರಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯುಂಟು. ದುಬೈಯಲ್ಲಿ ವ್ಯಾಪಾರದ ಲೈಸೆನ್ಸು ಪಡೆಯುವಾಗ ಅಂಗಡಿಯ ಹೆಸರನ್ನು ಬರೆಯಿಸಬೇಕಷ್ಟೆ. ಅಲ್ಲಿಗೆ ಹೆಸರು ನಮ್ಮದಾಯಿತೆಂದು ಅವರು ನಿಶ್ಚಿಂತರಾಗುತ್ತಾರೆ. ಆದರೆ ಲೈಸೆನ್ಸು ಕೊಡುವುದು ಆಯಾ ಎಮಿರೇಟಿನ ಇಲಾಖೆ. ಮುದ್ರೆಯನ್ನು ನೋಂದಾಯಿಸುವುದು ಏಳು ಎಮಿರೇಟುಗಳಿಗೂ ಸೇರಿದ ಒಕ್ಕೂಟ ಸರ್ಕಾರದ ಆರ್ಥಿಕ ಸಚಿವಾಲಯ. ಬೋರ್ಡಿನ ಮೇಲೆ ಹೆಸರು ಬರೆಯುವ ಅಪ್ಪಣೆ ಬೇರೆ, ಆ ಹೆಸರಿನ ಒಡೆತನ ಬೇರೆ. ಮೊದಲನೆಯದು ಎರಡನೆಯದನ್ನು ಕೊಡುವುದಿಲ್ಲ.

ಎಂಥ ಹೆಸರು ನೋಂದಣಿಗೆ ಯೋಗ್ಯ? 1992ರ ಹಳೆಯ ಶಾಸನದ ಸ್ಥಾನದಲ್ಲಿ ಬಂದಿರುವ 2021ರ 36ನೆಯ ಶಾಸನವು ಈ ವಿಷಯದಲ್ಲಿ ಉದಾರವಾಗಿದೆ. ಅಕ್ಷರ, ಚಿತ್ರ, ಬಣ್ಣಗಳಷ್ಟೇ ಅಲ್ಲದೆ ಸರಕಿನ ಆಕಾರ, ಧ್ವನಿ, ವಾಸನೆಗಳೂ ಮುದ್ರೆಯಾಗಬಹುದು. ಆದರೆ ಸರಕಿನ ಸಾಮಾನ್ಯ ಹೆಸರನ್ನೇ ಮುದ್ರೆಯಾಗಿ ಕೇಳಿದರೆ ಸಿಕ್ಕದು. ‘ಸಾರಿನ ಪುಡಿ’ ಎಂಬುದು ಯಾರೊಬ್ಬರ ಸ್ವತ್ತೂ ಅಲ್ಲ. ‘ಉಡುಪಿ’ ಎಂಬ ಊರಿನ ಹೆಸರನ್ನು ಒಬ್ಬನೇ ತನ್ನದೆಂದು ಹೇಳಿಕೊಳ್ಳುವುದೂ ಕಷ್ಟ. ಅದರೊಡನೆ ಸ್ವಂತದ್ದಾದ ಒಂದು ಮಾತನ್ನೋ ಚಿತ್ರವನ್ನೋ ಸೇರಿಸಬೇಕು. ಧಾರ್ಮಿಕ ಚಿಹ್ನೆಗಳಿಗೂ, ರಾಷ್ಟ್ರಧ್ವಜಗಳಿಗೂ, ರೆಡ್ ಕ್ರೆಸೆಂಟ್, ರೆಡ್ ಕ್ರಾಸ್ ಗುರುತುಗಳಿಗೂ, ಸಭ್ಯತೆಗೆ ವಿರುದ್ಧವಾದವುಗಳಿಗೂ ಅಲ್ಲಿ ಅವಕಾಶವಿಲ್ಲ. ಸರಕಿಗೆ ದೇವರ ಚಿತ್ರವನ್ನಿಡುವ ಪದ್ಧತಿ ನಮ್ಮಲ್ಲಿ ಬಹಳವಾಗಿರುವುದರಿಂದ ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಇನ್ನು ಕ್ರಮವನ್ನು ಹೇಳುವೆವು. ಮೊದಲು ಅದೇ ಬಗೆಯ ಮುದ್ರೆ ಅಲ್ಲಿ ಈಗಾಗಲೇ ಇದೆಯೇ ಎಂಬುದನ್ನು ಹುಡುಕಿಸಬೇಕು. ಬಳಿಕ ವರ್ಗವನ್ನು ಆರಿಸಬೇಕು. ಲೋಕದ ಸರಕು, ಸೇವೆಗಳನ್ನೆಲ್ಲ 45 ವರ್ಗಗಳಾಗಿ ವಿಂಗಡಿಸಿದ್ದಾರೆ; ಮೊದಲಿನ 34 ಸರಕುಗಳಿಗೆ, ಉಳಿದ 11 ಸೇವೆಗಳಿಗೆ. ಮಸಾಲೆ ಪುಡಿ 30ನೆಯ ವರ್ಗ, ಉಪ್ಪಿನಕಾಯಿ 29, ಸಾಬೂನು ಊದುಬತ್ತಿಗಳು 3, ಹೋಟೆಲು 43. ಶುಲ್ಕವು ವರ್ಗದ ಲೆಕ್ಕದಲ್ಲಿ ಬೀಳುವುದರಿಂದ ಎಲ್ಲವನ್ನೂ ಕೇಳುವುದು ದುಂದು. ನಿಜವಾಗಿ ಬೇಕಾದುದನ್ನು ಬಿಡುವುದು ಅದಕ್ಕಿಂತ ದೊಡ್ಡ ದುಂದು. ಪರದೇಶದವರು ಅಲ್ಲಿಯ ನೋಂದಾಯಿತ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಅವರಿಗೆ ಕೊಡುವ ಅಧಿಕಾರಪತ್ರಕ್ಕೆ ನೋಟರಿಯ ರುಜುವಿನಿಂದ ಹಿಡಿದು ಆ ದೇಶದ ರಾಯಭಾರ ಕಚೇರಿಯ ದೃಢೀಕರಣದವರೆಗೆ ಎಲ್ಲವೂ ಆಗಬೇಕು. ಇದಕ್ಕೆ ವಾರಗಳು ಹಿಡಿಯುವುವು. ಅನ್ಯಭಾಷೆಯ ಹೆಸರಿಗೆ ಅರಬ್ಬೀ ರೂಪವನ್ನು ಒದಗಿಸಬೇಕು. ಅಲ್ಲಿಯ ಜನರು ನಿಮ್ಮ ಸರಕನ್ನು ಅರಬ್ಬೀ ಹೆಸರಿನಿಂದಲೇ ಕರೆಯುವಂತಿದ್ದರೆ ಆ ರೂಪವನ್ನೂ ಪ್ರತ್ಯೇಕವಾಗಿ ನೋಂದಾಯಿಸುವುದು ಜಾಣತನ.

ಸಚಿವಾಲಯವು 90 ದಿನಗಳೊಳಗಾಗಿ ಅರ್ಜಿಯನ್ನು ತೀರ್ಮಾನಿಸಬೇಕೆಂದು ಶಾಸನವು ಹೇಳುತ್ತದೆ. ಅಂಗೀಕಾರವಾದ ಮುದ್ರೆಯನ್ನು ಪ್ರಕಟಿಸಿದ ಮೇಲೆ 30 ದಿನಗಳವರೆಗೆ ಯಾರಾದರೂ ತಕರಾರು ಹೂಡಬಹುದು. ತಕರಾರು ಬಾರದಿದ್ದರೆ ಶುಲ್ಕ ಕಟ್ಟಿ ಪ್ರಮಾಣಪತ್ರ ಪಡೆಯುವುದು. ಅರ್ಜಿ ಕೊಟ್ಟ ದಿನದಿಂದ 10 ವರ್ಷ ರಕ್ಷಣೆಯುಂಟು. ಮುಂದೆ ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತ ಹೋಗಬಹುದು. ಭಾರತದಲ್ಲಿ ಮೊದಲ ಅರ್ಜಿ ಹಾಕಿ ಆರು ತಿಂಗಳು ಮೀರಿರದಿದ್ದರೆ, ಪ್ಯಾರಿಸ್ ಒಪ್ಪಂದದ ಪ್ರಕಾರ ಆ ಹಳೆಯ ತಾರೀಖನ್ನೇ ಅಲ್ಲಿಯೂ ಕೇಳಬಹುದು.

ಇನ್ನೊಂದು ದಾರಿ ಮ್ಯಾಡ್ರಿಡ್ ಪ್ರೋಟೋಕಾಲ್ ಎಂಬ ಅಂತರರಾಷ್ಟ್ರೀಯ ಏರ್ಪಾಡು. ಭಾರತವು 2013ರಲ್ಲಿ ಇದಕ್ಕೆ ಸೇರಿತು. ಎಮಿರೇಟ್ಸ್‌ಗೆ ಇದು 2021ರ ಡಿಸೆಂಬರ್ 28ರಿಂದ ಅನ್ವಯಿಸಿತು. ಇಲ್ಲಿಯ ಅರ್ಜಿ ಅಥವಾ ನೋಂದಣಿಯ ಆಧಾರದ ಮೇಲೆ ಇಲ್ಲಿಯ ಕಚೇರಿಯಿಂದಲೇ ಒಂದು ಅರ್ಜಿಯಲ್ಲಿ ಹಲವು ದೇಶಗಳನ್ನು ಹೆಸರಿಸಬಹುದು. ಅನುಕೂಲ ದೊಡ್ಡದು, ಆದರೆ ಮೊದಲ ಐದು ವರ್ಷಗಳೊಳಗೆ ಇಲ್ಲಿಯ ಬೇರು ಬಿದ್ದುಹೋದರೆ ಅಲ್ಲಿಯ ಕೊಂಬೆಯೂ ಒಣಗುತ್ತದೆ. ಆದ್ದರಿಂದ ಇಲ್ಲಿಯ ನೋಂದಣಿಯನ್ನು ಗಟ್ಟಿಮಾಡಿಕೊಂಡೇ ಈ ದಾರಿಯನ್ನು ಹಿಡಿಯಬೇಕು. ಎಮಿರೇಟ್ಸ್‌ನ ಪ್ರಮಾಣಪತ್ರವು ಸೌದಿ, ಕುವೈತ್, ಕತಾರ್, ಬಹರೈನ್, ಓಮಾನ್‌ಗಳಲ್ಲಿ ನಡೆಯದೆಂಬುದನ್ನೂ ಮರೆಯಬಾರದು. ಆರೂ ದೇಶಗಳು ಒಂದು ಮಂಡಲಿಯಲ್ಲಿವೆಯಾದರೂ ಒಂದೊಂದರಲ್ಲಿಯೂ ಬೇರೆ ಬೇರೆಯಾಗಿ ರಕ್ಷಣೆ ಪಡೆಯಬೇಕು.

ಪ್ರಮಾಣಪತ್ರ ಕೈಗೆ ಬಂದಮೇಲೆ ಪೆಟ್ಟಿಗೆಯಲ್ಲಿಟ್ಟು ಮರೆಯುವುದಲ್ಲ. ಸತತವಾಗಿ ಐದು ವರ್ಷ ಬಳಸದೆ ಬಿಟ್ಟರೆ ರದ್ದಾಗುವ ಭಯವುಂಟು. ಸರಕು ಕಳುಹಿಸಿದ ಬಿಲ್ಲು, ಜಾಹೀರಾತುಗಳನ್ನು ತಾರೀಖಿನ ಸಮೇತ ಕಾಪಾಡಬೇಕು. ದುಬೈ ಸುಂಕದ ಕಟ್ಟೆಯಲ್ಲಿಯೂ ಮುದ್ರೆಯನ್ನು ದಾಖಲು ಮಾಡಿಸಿದರೆ ನಕಲಿ ಸರಕನ್ನು ಬಂದರಿನಲ್ಲಿಯೇ ತಡೆಯಿಸಲು ಸಹಾಯವಾಗುವುದು. ನಕಲು ಮಾಡಿದವರಿಗೆ ಸೆರೆವಾಸವೂ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡವೂ ವಿಧಿಸಲ್ಪಟ್ಟಿವೆ.

ಕಡೆಯದಾಗಿ ಮನೆಯೊಳಗಿನ ಮಾತು. ಅರ್ಜಿ ಯಾರ ಹೆಸರಿನಲ್ಲಿ ಹೋಗಬೇಕು? ಹೊರಗಿನ ಏಜೆಂಟನ ಹೆಸರಿನಲ್ಲಿ ಕೂಡದೆಂಬುದು ಸ್ಪಷ್ಟ. ಅವನಿಗೆ ಬರವಣಿಗೆಯ ಮೂಲಕ ಬಳಸುವ ಅನುಮತಿಯನ್ನು ಮಾತ್ರ ಕೊಡಬೇಕು. ಆದರೆ ಅಣ್ಣತಮ್ಮಂದಿರೊಳಗೂ ಇದು ಮೊದಲೇ ತೀರ್ಮಾನವಾಗುವುದು ಲೇಸು. ತಾಯಿಯ ಕೈಯಿಂದ ಹುಟ್ಟಿದ ಕಸುಬಿನ ಮುದ್ರೆಯು, ಕೊಲ್ಲಿಯಲ್ಲಿ ಕೆಲಸಕ್ಕಿರುವ ಮಗನ ಹೆಸರಿನಲ್ಲಿ ಬರಿಯ ಅನುಕೂಲಕ್ಕಾಗಿ ದಾಖಲಾದರೆ, ಪಾಲಿನ ಕಾಲಕ್ಕೆ ಅದೇ ವ್ಯಾಜ್ಯದ ಬೀಜವಾಗುವುದು. ಮುದ್ರೆಯೂ ಮನೆಮಠಗಳಂತೆ ಆಸ್ತಿ. ಅದನ್ನು ವರ್ಗಾಯಿಸಬಹುದು, ವಾರಸಿನಿಂದ ಪಡೆಯಬಹುದು. ಆಸ್ತಿಯೆಂದ ಮೇಲೆ ಮಾಡಿದವರ ಹಕ್ಕು ಪತ್ರದಲ್ಲಿ ಕಾಣಬೇಕು. ಸರಕು ಹಡಗು ಹತ್ತುವ ಮೊದಲು ಹೆಸರು ರಿಜಿಸ್ಟರಿಗೆ ಹತ್ತಲಿ, ಅದೂ ನಿಜವಾದ ಒಡೆಯರ ಹೆಸರಿನಲ್ಲಿ ಹತ್ತಲಿ ಎಂಬುದೇ ವಾಚಕ ಮಹಾಶಯರಿಗೆ ನಮ್ಮ ವಿಜ್ಞಾಪನೆ.