ಹಳೆಯ ಕಾರಿಗೆ ಮನ್ನಣೆ, ಹಳೆಯ ಲಾರಿಗೆ ಗುಜರಿಯೆ?

ಪುಣೆಯಲ್ಲಿ ಹಳೆಯ ಕಾರುಗಳ ಮೆರವಣಿಗೆ ಹೊರಟಿತೆಂದರೆ ಜನರು ರಸ್ತೆಯ ಎರಡೂ ಬದಿಗೆ ನೆರೆದು ನೋಡುವದನ್ನು ನಮ್ಮ ಓದುಗರು ಕಂಡಿರಬಹುದು. ಅರಸರ ರೋಲ್ಸ್‌ರಾಯ್ಸ್, ವಕೀಲರ ಆಸ್ಟಿನ್, ವೈದ್ಯರ ಮಾರಿಸ್, ಎಲ್ಲವೂ ಮದುಮಕ್ಕಳಂತೆ ಸಿಂಗರಿಸಿಕೊಂಡು ಸಾಗುವವು. ಆ ಸೊಬಗನ್ನು ನಾವು ಹಳಿಯುವದಿಲ್ಲ. ಆದರೆ ಅಕ್ಕಿಯ ಚೀಲ ಹೊತ್ತ ಲಾರಿಯು ಆ ಸಾಲಿನಲ್ಲಿ ಕಾಣಸಿಗುವದು ಇಷ್ಟು ಅಪರೂಪವೇಕೆ?

ಈ ಪ್ರಶ್ನೆ ನಮಗೆ ಹೊರಗಿನದಲ್ಲ. ಹೋಟೆಲಿನ ಒಲೆಯ ಮುಂದೆ, ಕಚೇರಿಯ ಮೇಜಿನ ಹಿಂದೆ ಬಾಳು ಕಟ್ಟಿಕೊಂಡ ನಮ್ಮವರಿಗೆ ಊರಿನ ರುಚಿಯನ್ನು ಮುಟ್ಟಿಸಿದ ದಾರಿಗಳಲ್ಲಿ ಬೆಂಗಳೂರು-ಪುಣೆ ಹೆದ್ದಾರಿಯೂ ಒಂದು. ಬ್ಯಾಡಗಿಯ ಮೆಣಸಿನಕಾಯಿಯಾಗಲಿ ತಿಪಟೂರಿನ ಕೊಬ್ಬರಿಯಾಗಲಿ ಈ ದಾರಿ ಹಿಡಿದರೆ ಬೆಳಗಾವಿ, ನಿಪ್ಪಾಣಿ, ಸಾತಾರೆಗಳನ್ನು ದಾಟಿ, ಖಂಬಾಟಕಿ ಮತ್ತು ಕಾತ್ರಜ ಘಾಟಗಳನ್ನು ಹತ್ತಿಳಿದೇ ಬರಬೇಕು. ಸ್ವಾತಂತ್ರ್ಯದ ಹೊಸದರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಅಮೇರಿಕೆಯ ಗಾಡಿಗಳ ಜೊತೆಗೆ ಬ್ರಿಟಿಷ್ ಲಾರಿಗಳೂ ಭಾರ ಹೊತ್ತವು. ೧೯೪೮ರಲ್ಲಿ ಆಸ್ಟಿನ್ ಕಾರು ಜೋಡಿಸಲೆಂದು ಮದ್ರಾಸಿನಲ್ಲಿ ಹುಟ್ಟಿದ ಅಶೋಕ ಮೋಟರ್ಸ್ ಮುಂದೆ ಲೇಲ್ಯಾಂಡ್ ಕಂಪನಿಯ ಕಾಮೆಟ್ ಲಾರಿಗೆ ಕೈಹಾಕಿತು. ೧೯೫೫ರಲ್ಲಿ ಅದರ ಹೆಸರೇ ಅಶೋಕ ಲೇಲ್ಯಾಂಡ್ ಆಯಿತು. ಕಾಮೆಟ್ ಎಂದರೆ ಧೂಮಕೇತು. ಧೂಮಕೇತು ಕಂಡರೆ ಬರಗಾಲವೆಂದು ನಮ್ಮ ಹಿರಿಯರು ಅಂಜುತ್ತಿದ್ದರು. ಈ ಧೂಮಕೇತುವಾದರೋ ಕಾಳುಕಡಿಯನ್ನೇ ಹೊತ್ತು ತಂದಿತು! ಬೆಡ್‌ಫರ್ಡ್ ಹೆಸರು ಪುಣೆಗಂತೂ ಚಿರಪರಿಚಿತ. ೧೯೪೮ನೆಯ ಜೂನ್ ೧ರಂದು ಇಲ್ಲಿಂದ ಅಹಮದನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ, ಹೊರಟ ಮೊದಲ ಎಸ್.ಟಿ. ಬಸ್ಸು ಬೆಡ್‌ಫರ್ಡ್ ಗಾಡಿಯೇ. ಅದರ ಮೈ ಕಟ್ಟಿಗೆಯದು.

ಆ ಕಾಲದ ಲಾರಿ ನಡೆಸುವದು ಸುಲಭದ ಮಾತಾಗಿರಲಿಲ್ಲ. ಕಂಪನಿಯು ಕೊಡುತ್ತಿದ್ದುದು ಬಹುಮಟ್ಟಿಗೆ ಯಂತ್ರ ಮತ್ತು ಚೌಕಟ್ಟು. ಮೈ ಕಟ್ಟುವವನು ನಮ್ಮ ಬಡಗಿ. ಚುಕ್ಕಾಣಿಗೆ ಯಂತ್ರದ ನೆರವಿಲ್ಲ, ತೋಳಿನ ಬಲವೇ ಬಲ. ಗೇರು ಬದಲಿಸಲು ಕ್ಲಚ್ಚನ್ನು ಎರಡು ಸಲ ತುಳಿಯಬೇಕು. ತಪ್ಪಿದರೆ ಹಲ್ಲುಚಕ್ರಗಳು ಕಿರುಚುವವು. ಘಾಟದಲ್ಲಿ ಗಾಡಿ ನಿಂತರೆ ಕ್ಲೀನರನು ಕಟ್ಟಿಗೆಯ ತುಂಡು ಹಿಡಿದು ಧುಮುಕಿ ಚಕ್ರಕ್ಕೆ ಒಡ್ಡಬೇಕು. ಈ ವಿದ್ಯೆಯನ್ನು ಯಾವ ಶಾಲೆಯೂ ಕಲಿಸಲಿಲ್ಲ.

ಈ ಲಾರಿಗಳ ತವರಿನಲ್ಲಿ ನಡೆದುದನ್ನು ನೋಡಿರಿ. ಹಳೆಯ ಸರಕು ಗಾಡಿ, ಬಸ್ಸುಗಳ ಒಡೆಯರು ೧೯೫೮ರಲ್ಲಿಯೇ ಸಂಘ ಕಟ್ಟಿದರು. ೧೯೬೨ರಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ಅವುಗಳ ಯಾತ್ರೆ ಹೊರಡಿಸಿದರು. ಲೇಲ್ಯಾಂಡ್ ಪಟ್ಟಣದಲ್ಲಿ ೧೯೮೩ರಿಂದ ಅವುಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವಿದೆ. ಈ ಒಡೆಯರೆಲ್ಲ ಜಮೀನುದಾರರೆಂದು ತಿಳಿಯಬೇಡಿರಿ. ಎಷ್ಟೋ ಜನ ಹಿಂದೆ ಲಾರಿ ನಡೆಸಿದವರು, ಗ್ಯಾರೇಜಿನಲ್ಲಿ ಮೈ ಮಸಿ ಮಾಡಿಕೊಂಡವರು, ಅಂಥವರ ಮಕ್ಕಳು. ಹೊಲದ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದುದನ್ನು ಎತ್ತಿ ತಂದು, ವರ್ಷಗಟ್ಟಲೆ ರವಿವಾರಗಳನ್ನು ಅದಕ್ಕೆ ಸುರಿದು, ಕೊನೆಗೆ ಅದು ಮೊದಲು ದುಡಿದ ವ್ಯಾಪಾರಿಯ ಹೆಸರನ್ನೇ ಬಾಗಿಲ ಮೇಲೆ ಮತ್ತೆ ಬರೆಯಿಸುವರು.

ನಮ್ಮಲ್ಲಿ ಹಾಗೆ ಮಾಡಹೊರಟವನಿಗೆ ಕಾಯಿದೆಯೇ ಅಡ್ಡ ನಿಲ್ಲುತ್ತದೆ. ೧೯೨೧ ಅಲ್ಲ, ೨೦೨೧ರ ಮಾತಿದು. ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳಿಗೆ ಕೇಂದ್ರ ಸರಕಾರವು ಆ ವರ್ಷ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿತು. ಶುಲ್ಕ ೨೦,೦೦೦ ರೂಪಾಯಿ. ಅವಧಿ ಹತ್ತು ವರ್ಷ. ಒಳ್ಳೆಯ ಕೆಲಸವೇ. ಆದರೆ ಅದು ಸಲ್ಲುವದು ದ್ವಿಚಕ್ರಗಳಿಗೆ, ಸ್ವಂತ ಬಳಕೆಯ ಕಾರುಗಳಿಗೆ. ಸರಕು ಹೊತ್ತ ಗಾಡಿಯ ಹೆಸರೇ ಅಲ್ಲಿಲ್ಲ. ವಿಹಾರಕ್ಕೆ ಹೋದದ್ದು ಪರಂಪರೆ, ದುಡಿದದ್ದು ಗುಜರಿ ಎಂಬ ಈ ಎಣಿಕೆಯನ್ನು ನಾವು ಒಪ್ಪಲಾರೆವು.

ಹಳೆಯ ಲಾರಿ ಹೊಗೆ ಕಾರುತ್ತದೆ, ಬ್ರೇಕು ನಂಬಿಕೆಗೆ ತಕ್ಕುದಲ್ಲ ಎನ್ನುವರು. ನಿಜವೇ. ಅದು ಮತ್ತೆ ಬಾಡಿಗೆಗೆ ದುಡಿಯಲಿ ಎಂದು ಯಾರೂ ಕೇಳುತ್ತಿಲ್ಲ. ಕಾರಿಗೆ ಹಾಕಿದ ಕಟ್ಟನ್ನೇ ಅದಕ್ಕೂ ಹಾಕಲಿ: ಪ್ರದರ್ಶನಕ್ಕೆ ಬರಲಿ, ದಿನಬಳಕೆಗೆ ಬೇಡ. ನಿಯಮದಲ್ಲಿ ಒಂದು ವರ್ಗವನ್ನು ಸೇರಿಸಿದರೆ ಸಾಕು. ಬೊಕ್ಕಸಕ್ಕೆ ಅದರಿಂದ ಹೊರೆಯಿಲ್ಲ.

ಅಷ್ಟರಲ್ಲಿ ನಮ್ಮವರು ಕೈಕಟ್ಟಿ ಕೂಡ್ರಬೇಕಾಗಿಲ್ಲ. ಇಲ್ಲಿಯ ಜೂನಾ ಬಜಾರಿನಲ್ಲಿ ಬುಧವಾರ, ರವಿವಾರ ಹಳೆಯ ಬಿಡಿಭಾಗಗಳ ರಾಶಿ ಬೀಳುವದನ್ನು ಎಲ್ಲರೂ ಬಲ್ಲರು. ಊರಿಗೆ ಹೋದಾಗ ಅಕ್ಕಿ ಗಿರಣಿಯ ಹಿಂದೆ, ಕಾಫಿ ತೋಟದ ಗೋದಾಮಿನಲ್ಲಿ ಕಾಮೆಟ್ ಇಲ್ಲವೆ ಬೆಡ್‌ಫರ್ಡಿನ ಮೂತಿ ಕಂಡರೆ ಒಂದು ಚಿತ್ರ ತೆಗೆಯಿರಿ, ಅದನ್ನು ಓಡಿಸಿದವನ ಹೆಸರು ಬರೆದುಕೊಳ್ಳಿರಿ, ಗುಜರಿಯವನು ತೂಕ ಹಾಕುವ ಮೊದಲೇ ಒಡೆಯನೊಡನೆ ಒಂದು ಮಾತಾಡಿರಿ.