ಎಲ್ಲದಕ್ಕೂ ಒಂದೇ 'ಸ್ಟ್ರಾಟೆಜಿಕ್ಕಾ'?

ಈ 'ಸ್ಟ್ರಾಟೆಜಿಕ್' ಅನ್ನೋ ಪದದ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಇವತ್ತು ಬರೆದೇ ತೀರಿಸಿಕೊಳ್ತೀನಿ!

ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಕ್ಲೈಂಟು ಸ್ಟ್ರಾಟೆಜಿಕ್, ಮೀಟಿಂಗು ಸ್ಟ್ರಾಟೆಜಿಕ್, ಹೊಸ ಆಫೀಸಿನ ಜಾಗ ಸ್ಟ್ರಾಟೆಜಿಕ್. ಕೊನೆಗೆ ಒಂದಿಡೀ ಟೀಮನ್ನು ಮನೆಗೆ ಕಳಿಸಿದರೆ ಅದೂ 'ಸ್ಟ್ರಾಟೆಜಿಕ್ ರೀಸ್ಟ್ರಕ್ಚರಿಂಗ್'! ಆ ಮೇಲ್ ಓದಿದವನಿಗೆ ಕೆಲಸ ಹೋಗಿದ್ದು ಗೊತ್ತಾಗೋದು ಮೂರನೇ ಪ್ಯಾರಾದಲ್ಲಿ. ಹೋಗ್ಲಿ, ಇಂಗ್ಲಿಷಿನವರ ಕರ್ಮ ಅಂತ ಬಿಡೋಣವೆಂದರೆ, ನಾವು ಕನ್ನಡದಲ್ಲಿ ಬರೆಯೋರೂ ಅದನ್ನೇ 'ವ್ಯೂಹಾತ್ಮಕ', 'ಕಾರ್ಯತಂತ್ರದ' ಅಂತ ಕಣ್ಮುಚ್ಚಿ ಇಳಿಸ್ತಿದ್ದೀವಿ. ನನ್ನ ತಕರಾರು ಇರೋದು ಇಲ್ಲಿ.

ಪದದ ಮೂಲ ನೋಡಿ. ಗ್ರೀಕಿನಲ್ಲಿ 'ಸ್ಟ್ರಾಟೆಗೋಸ್' ಅಂದರೆ ಸೇನಾಪತಿ. 'ಸ್ಟ್ರಾಟೋಸ್' ಅಂದರೆ ಸೈನ್ಯ, 'ಅಗೈನ್' ಅಂದರೆ ನಡೆಸು. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ಪ್ರತಿವರ್ಷ ಇಂಥ ಹತ್ತು ಜನರನ್ನು ಚುನಾಯಿಸುತ್ತಿದ್ದರು. ಅವರು ಜನರಿಗೆ ಲೆಕ್ಕ ಒಪ್ಪಿಸಬೇಕಿತ್ತು. ಕ್ರಿ.ಪೂ. 430ರಲ್ಲಿ ಯುದ್ಧದ ಲೆಕ್ಕಾಚಾರ ಕೆಟ್ಟು ಪ್ಲೇಗೂ ಬಂದಾಗ, ಪೆರಿಕ್ಲಿಸ್‌ನಂಥ ದೊಡ್ಡ ಮನುಷ್ಯನನ್ನೇ ಹುದ್ದೆಯಿಂದ ಇಳಿಸಿ ದಂಡ ಹಾಕಿದರು. ಇವತ್ತಿನ ಸ್ಟ್ರಾಟೆಜಿಸ್ಟುಗಳ ಲೆಕ್ಕಾಚಾರ ಕೆಟ್ಟರೆ ಕೆಲಸ ಹೋಗೋದು ಯಾರದ್ದು ಅಂತ ನಾನು ಬೇರೆ ಹೇಳಬೇಕಾ?

ಅಂದರೆ ಇದು ಯುದ್ಧದ ಪದ. ಯುದ್ಧ ಅಂದಮೇಲೆ ಎದುರಿಗೊಬ್ಬ ಶತ್ರು ಇರಲೇಬೇಕು. ಆದರೆ ಈ ವಿಶೇಷಣದ ಚಮತ್ಕಾರ ಏನೆಂದರೆ, ಅದು ಶತ್ರು ಯಾರು, ಸತ್ತವರು ಯಾರು ಅನ್ನೋದನ್ನೇ ಮರೆಸಿಬಿಡುತ್ತೆ. 1943ರಲ್ಲಿ ಹ್ಯಾಂಬರ್ಗ್, 1945ರಲ್ಲಿ ಡ್ರೆಸ್ಡೆನ್ ಸುಟ್ಟು ಬೂದಿಯಾದವು, ಸಾವಿರಾರು ನಾಗರಿಕರು ಸತ್ತರು. ಅದಕ್ಕಿಟ್ಟ ಹೆಸರು 'ಸ್ಟ್ರಾಟೆಜಿಕ್ ಬಾಂಬಿಂಗ್'. 1962ರಲ್ಲಿ ದಕ್ಷಿಣ ವಿಯೆಟ್ನಾಮಿನಲ್ಲಿ ಅಮೆರಿಕದ ಬೆಂಬಲದೊಂದಿಗೆ ರೈತರನ್ನು ಸ್ವಂತ ಊರುಗಳಿಂದ ಎಬ್ಬಿಸಿ ಬೇಲಿ ಸುತ್ತಿದ ಹಳ್ಳಿಗಳಿಗೆ ಸಾಗಿಸಿದರು. ಅದು 'ಸ್ಟ್ರಾಟೆಜಿಕ್ ಹ್ಯಾಮ್ಲೆಟ್' ಯೋಜನೆ. ಹೆಸರು ಕೇಳಿದರೆ ಏನೋ ಒಳ್ಳೇ ಲೇಔಟ್ ಅನ್ನಿಸುತ್ತೆ ಅಲ್ವಾ?

ಇಂಗ್ಲಿಷಿನಲ್ಲಿ ಬೇರೆ ಪದಗಳಿಲ್ಲ ಅಂತಲ್ಲ. 'ಶ್ರೂಡ್' ಇದೆ, 'ಕನ್ನಿಂಗ್' ಇದೆ, 'ಕ್ಯಾಲ್ಕ್ಯುಲೇಟಿಂಗ್' ಇದೆ, 'ಸ್ಕೀಮಿಂಗ್' ಇದೆ. ಇವು ಒಂದು ಬೆಲೆ ಕಟ್ಟಿ ಮಾತಾಡುವ ಪದಗಳು. ತಮಾಷೆ ನೋಡಿ, 'ಶ್ರೂಡ್' ಹಿಂದೆ ದುಷ್ಟ ಅನ್ನೋ ಅರ್ಥದಲ್ಲಿತ್ತು, ಈಗ ಹೊಗಳಿಕೆ. 'ಕನ್ನಿಂಗ್' ಹಿಂದೆ ಬಲ್ಲವ, ನಿಪುಣ ಅಂತಿತ್ತು, ಈಗ ಬೈಗುಳ. ಅರ್ಥ ಬದಲಾದರೂ ಅವು ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳೋದನ್ನು ಬಿಟ್ಟಿಲ್ಲ. 'ಸ್ಟ್ರಾಟೆಜಿಕ್' ಮಾತ್ರ ಸೋಪು ಹಾಕಿ ತೊಳೆದ ಹಾಗಿದೆ.

ಈಗ ನಮ್ಮ ಮನೆಗೆ ಬನ್ನಿ. ಗಡಿಯಲ್ಲಿ, ಪೇಟೆಯಲ್ಲಿ ಮುಖ್ಯವಾದ ಸ್ಥಳಕ್ಕೆ 'ಆಯಕಟ್ಟಿನ ಜಾಗ' ಅಂತೀವಿ. ಎಷ್ಟು ಚೆಂದದ ಮಾತು! ನಾಲ್ಕು ವರ್ಷ ಮುಂದಿನದನ್ನು ಯೋಚಿಸಿದರೆ 'ದೂರಾಲೋಚನೆ'. ಕಷ್ಟದಿಂದ ಪಾರಾಗಲು ಹೂಡಿದ್ದು 'ಉಪಾಯ'. ಇನ್ನೊಬ್ಬರಿಗೆ ಗುಂಡಿ ತೋಡಿದರೆ 'ಸಂಚು', 'ಹುನ್ನಾರ'. ನಾಲ್ಕು ಜನ ಬಾಗಿಲು ಹಾಕಿಕೊಂಡು ಮಾಡಿದರೆ 'ಮಸಲತ್ತು'. ಅರಬ್ಬಿಯಲ್ಲಿ 'ಮಸ್ಲಹತ್' ಅಂದರೆ ಹಿತ, ಒಳಿತು. 'ಹಿಕ್ಮತ್' ಅಂದರೆ ವಿವೇಕ. ಕನ್ನಡಕ್ಕೆ ಬಂದು ಒಂದು ಪಿತೂರಿಯಾಯ್ತು, ಇನ್ನೊಂದು ಹಿಕಮತ್ತಾಗಿ ಚಾಲಾಕಿತನವಾಯ್ತು. ದೊಡ್ಡವರು 'ನಿಮ್ಮ ಒಳ್ಳೇದಕ್ಕೇ' ಅಂದಾಗಲೆಲ್ಲ ಏನಾಗುತ್ತೆ ಅಂತ ನಮ್ಮ ಜನ ಅನುಭವದಿಂದ ಕಲಿತಿದ್ದರು ಅಂತ ನನಗನ್ನಿಸುತ್ತೆ :)

ನಾವೇನು ಸಾಚಾಗಳಲ್ಲ ಬಿಡಿ. ಮೆಕಿಯಾವೆಲ್ಲಿಯ 'ದಿ ಪ್ರಿನ್ಸ್' 1532ರಲ್ಲಿ, ಅವನು ಸತ್ತು ಐದು ವರ್ಷದ ಮೇಲೆ ಅಚ್ಚಾಯಿತು. ಅವನ ಹೆಸರು ಇಂಗ್ಲಿಷಿನಲ್ಲಿ ಬೈಗುಳವಾಯ್ತು. ಇತ್ತ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲೇ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು, 1909ರಲ್ಲಿ ಅವರು ಅದನ್ನು ಪ್ರಕಟಿಸಿದರು. ಗೂಢಚಾರರು, ವಿಷಪ್ರಯೋಗ ಎಲ್ಲಾ ಇರುವ ಗ್ರಂಥ ಅದು. ಆದರೂ ನಮ್ಮಲ್ಲಿ ಪಕ್ಷ ಒಡೆದು ಸರ್ಕಾರ ಮಾಡಿದವನನ್ನು 'ಚಾಣಕ್ಯ' ಅಂತ ಹೊಗಳ್ತೀವಿ. ಅಲ್ಲಿ 'ಸ್ಟ್ರಾಟೆಜಿಕ್' ಮಾಡುವ ಕೆಲಸವನ್ನೇ ಇಲ್ಲಿ 'ಚಾಣಕ್ಯ ನೀತಿ' ಮಾಡ್ತಿದೆ.

"ತಾಂತ್ರಿಕ ಬರವಣಿಗೆಗೆ ತಟಸ್ಥವಾದ ಒಂದು ಪದ ಬೇಕಲ್ಲ ಸ್ವಾಮಿ?" ಅಂತ ಕೆಲವರು ಕೇಳ್ತಾರೆ. ಬೇಕು, ಒಪ್ಪಿದೆ. ಸೇನೆಯ ವಿಷಯಕ್ಕೆ, ಚೆಸ್ ಆಟಕ್ಕೆ 'ವ್ಯೂಹಾತ್ಮಕ' ಇಟ್ಟುಕೊಳ್ಳಿ. ಅಲ್ಲಿ ಎದುರಾಳಿ ಎದುರಿಗೇ ಕೂತಿರ್ತಾನೆ, ಮುಚ್ಚುಮರೆ ಇಲ್ಲ. ಆದರೆ ಸಂಬಳದವರನ್ನು ತೆಗೆಯೋದಕ್ಕೆ, ರೈತರ ಜಮೀನು ಕಿತ್ತುಕೊಳ್ಳೋದಕ್ಕೆ ತಟಸ್ಥ ಪದ ಬಳಸಿದರೆ ನಾವು ತಟಸ್ಥರಾಗಿ ಉಳಿಯಲ್ಲ. ತೆಗೆದವರ, ಕಿತ್ತುಕೊಂಡವರ ಪಕ್ಕ ಹೋಗಿ ಕೂತಂತೆಯೇ.

ಆದ್ದರಿಂದ ಬ್ಲಾಗಿಗ ಮಿತ್ರರಲ್ಲಿ ಒಂದು ವಿನಂತಿ. 'ವ್ಯೂಹಾತ್ಮಕ' ಅಂತ ಕುಟ್ಟುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ವ್ಯೂಹ ಯಾರ ವಿರುದ್ಧ? ಲಾಭ ಯಾರಿಗೆ? ಉತ್ತರ ಸಿಕ್ಕರೆ ಸರಿಯಾದ ಕನ್ನಡ ಪದ ತಾನೇ ಬರುತ್ತೆ. ಉಪಾಯವಾದರೆ ಉಪಾಯ ಅನ್ನಿ, ಹುನ್ನಾರವಾದರೆ ಹುನ್ನಾರ ಅನ್ನಿ. ನಿಮ್ಮ ಕಡೆ ಇಂಥ ಇನ್ನೂ ಯಾವ ಪದಗಳಿವೆ? ಗೊತ್ತಿದ್ದರೆ ಕೆಳಗೆ ಬರೆದು ಹೋಗಿ, ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ.