ಕೊಡುವ ಸೇರು, ಕೊಳ್ಳುವ ಸೇರು



ಮಾಟುಂಗದ ಹೂವಿನಂಗಡಿಯಲ್ಲಿ ಮಲ್ಲಿಗೆ ಕೊಳ್ಳುವಾಗ ಗಮನಿಸಿದ್ದೀರಾ? ಹೂವಾಡಗಿತ್ತಿಗೆ ಮೀಟರ್ ಪಟ್ಟಿ ಬೇಡ. ಮೊಳಕೈಯಿಂದ ನಡುಬೆರಳ ತುದಿಯವರೆಗೆ ಮಾಲೆ ಹಿಡಿದರೆ ಆಯಿತು, ಒಂದು ಮೊಳ. ಅವಳ ಕೈ ಗಿಡ್ಡವಾದಷ್ಟೂ ನಮಗೆ ನಷ್ಟ, ಅವಳಿಗೆ ಲಾಭ!

ಈ ಮೊಳ ನಮ್ಮದೊಂದೇ ಅಲ್ಲ. ಬೈಬಲಿನ ಹಳೆಯ ಒಡಂಬಡಿಕೆಯ ಹೀಬ್ರೂ ಜನರೂ ಹೀಗೆಯೇ ಅಳೆಯುತ್ತಿದ್ದರು. 4 ಬೆರಳು ಸೇರಿದರೆ ಒಂದು ಅಂಗೈ ಅಗಲ, ಅಂಥ 6 ಅಗಲಕ್ಕೆ ಒಂದು ಮೊಳ. ಒಟ್ಟು 24 ಬೆರಳು. ನಮ್ಮ ಶಾಸ್ತ್ರಗಳಲ್ಲೂ 24 ಅಂಗುಲಕ್ಕೆ ಒಂದು ಹಸ್ತ! ನೋಹನ ನಾವೆ 300 ಮೊಳ ಉದ್ದ ಎಂದರೆ ಸುಮಾರು 450 ಅಡಿ ಎಂದು ಲೆಕ್ಕ ಹಾಕಬಹುದು.

ಆ ಜನ ನಮಗೆ ದೂರದವರೂ ಅಲ್ಲ. ನಮ್ಮ ಮಸ್ಜಿದ್ ಸ್ಟೇಷನ್ನಿನ ಬಳಿ ಇರುವ ಬೆನೆ ಇಸ್ರೇಲಿಗಳ ಪ್ರಾರ್ಥನಾ ಮಂದಿರ ಸ್ಥಾಪನೆಯಾದದ್ದು 1796ರಲ್ಲಿ. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಗಾಣ ನಡೆಸುತ್ತಿದ್ದ ಇವರು ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೇ ಅವರಿಗೆ 'ಶನಿವಾರ್ ತೇಲಿ' ಎಂಬ ಹೆಸರು.

ಹೀಬ್ರೂ ಜನರ ಧಾನ್ಯದ ಅಳತೆ ಏಫಾ, ಸುಮಾರು 22 ಲೀಟರ್. ಅದರ ಹತ್ತನೆಯ ಒಂದು ಪಾಲು ಓಮೆರ್. ಬಿ.ಎ. ತರಗತಿಯಲ್ಲಿ ಓದಿದ ರೂತಳ ಕಥೆ ನನಗೆ ಇಂದಿಗೂ ಪ್ರಿಯ. ಗಂಡ ಸತ್ತ ರೂತ್, ವಿಧವೆ ಅತ್ತೆಯ ಜೊತೆ ಬೆತ್ಲೆಹೇಮಿಗೆ ಬಂದು, ಕೊಯ್ಲಾದ ಹೊಲದಲ್ಲಿ ಉದುರಿದ ತೆನೆ ಆಯುತ್ತಾಳೆ. ಸಂಜೆ ಬಡಿದು ನೋಡಿದರೆ ಸುಮಾರು ಒಂದು ಏಫಾ ಜವೆಗೋದಿ. ಕಥೆಗಾರ ಅಳತೆಯನ್ನು ಏಕೆ ಬರೆದ? ಇಬ್ಬರು ಹೆಂಗಸರ ಹೊಟ್ಟೆಯ ಪ್ರಶ್ನೆ ಅದು. ಮನೆ ನಡೆಸಿದವರಿಗೆ ತಟ್ಟನೆ ಅರ್ಥವಾಗುತ್ತದೆ.

ನಮ್ಮ ದಕ್ಷಿಣ ಕನ್ನಡದಲ್ಲೂ ಬದುಕು ಅಳೆಯುತ್ತಿದ್ದುದು ಅಕ್ಕಿಯಿಂದಲೇ. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಆ ಮುಡಿಯ ಅಂದವನ್ನು ಇಂದಿನ ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಲಾದೀತೇ? ಆದರೆ ಮುಡಿಗೆ ಇನ್ನೊಂದು ಮುಖವೂ ಇತ್ತು. ಒಕ್ಕಲು ಧಣಿಗೆ ಗೇಣಿ ಅಳೆಯುತ್ತಿದ್ದುದೂ ಮುಡಿಯಲ್ಲೇ. ಅಳೆದು ತೆಗೆದುಕೊಳ್ಳಲು ದೊಡ್ಡ ಸೇರು, ಅಳೆದು ಕೊಡಲು ಚಿಕ್ಕ ಸೇರು ಇಟ್ಟುಕೊಂಡ ಮನೆಗಳ ಮಾತು ನಮ್ಮ ಹಿರಿಯರ ಬಾಯಲ್ಲಿ ಬೇಕಾದಷ್ಟಿದೆ. ಆ ಕಾಲದಲ್ಲಿ ಊರು ಬಿಟ್ಟು ಬೊಂಬಾಯಿಯ ಹೋಟೆಲುಗಳಿಗೆ ಬಂದ ಹುಡುಗರಲ್ಲಿ ಎಷ್ಟೋ ಮಂದಿ ಇಂಥ ಸೇರನ್ನು ಕಂಡವರೇ.

ಹೀಬ್ರೂ ಧರ್ಮಶಾಸ್ತ್ರ ಹೇಳುವುದೂ ಇದನ್ನೇ. ಚೀಲದಲ್ಲಿ ದೊಡ್ಡದೊಂದು, ಚಿಕ್ಕದೊಂದು ತೂಕದ ಕಲ್ಲು ಇರಕೂಡದು. ಮನೆಯಲ್ಲಿ ಎರಡು ಬಗೆಯ ಏಫಾ ಇರಕೂಡದು. ಏಫಾವನ್ನು ಕಿರಿದು ಮಾಡಿ, ಶೆಕೆಲನ್ನು ಹಿರಿದು ಮಾಡಿ ಬಡವರನ್ನು ಹಿಂಡುವ ವ್ಯಾಪಾರಿಗಳನ್ನು ಪ್ರವಾದಿ ಆಮೋಸ ಉಗ್ರವಾಗಿ ಖಂಡಿಸುತ್ತಾನೆ. ಶೆಕೆಲ್ ಮೊದಲು ನಾಣ್ಯವಲ್ಲ, ತೂಕ, ಸುಮಾರು 11.4 ಗ್ರಾಂ. ಹೆಂಡತಿ ಸಾರಳನ್ನು ಮಣ್ಣುಮಾಡಲು ಅಬ್ರಹಾಮ ಹೊಲ ಕೊಂಡಾಗ 400 ಶೆಕೆಲ್ ಬೆಳ್ಳಿಯನ್ನು ತೂಗಿಯೇ ಕೊಟ್ಟ.

ನಮ್ಮ ತೊಲವೂ ಹೆಚ್ಚುಕಡಿಮೆ ಅಷ್ಟೇ ನೋಡಿ. 96 ಗುಲಗಂಜಿಗೆ ಒಂದು ತೊಲ, 11.66 ಗ್ರಾಂ. 1956ರಲ್ಲಿ ಕಾಯಿದೆಯಾಗಿ, 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬಂತು. ಸೇರು, ಚಟಾಕು ಹೋದವು, ತೊಲ ಮಾತ್ರ ನಾಲಿಗೆಯಿಂದ ಇಳಿಯಲಿಲ್ಲ. ಈಗ ಮುಂಬಯಿಯ ಮನೆಗಳಲ್ಲಿ 10 ಗ್ರಾಮಿಗೇ ತೊಲ ಎನ್ನುತ್ತಾರೆ. ಊರಿನ ಬಂಧುಗಳು ಪವನಿನ ಲೆಕ್ಕ ಹೇಳುತ್ತಾರೆ, ಅಂದರೆ 8 ಗ್ರಾಂ.

ಸೋದರಿಯರೇ, ಎಚ್ಚರ ಬೇಕಾದದ್ದು ಇಲ್ಲಿ. "ಅಜ್ಜಿಯ ಚಿನ್ನ ದೊಡ್ಡವಳಿಗೆ 10 ತೊಲ ಕೊಟ್ಟಿದ್ದೇವೆ, ಚಿಕ್ಕವಳಿಗೂ 10 ತೊಲ ಹಾಕಿದರಾಯಿತು" ಎನ್ನುತ್ತೇವೆ. ಹಳೆಯ ತೊಲದಲ್ಲಿ ಅದು 116 ಗ್ರಾಮಿಗೂ ಮೇಲೆ, ಹೊಸದರಲ್ಲಿ ಬರಿಯ 100. ಯಾರೂ ಕದಿಯಲಿಲ್ಲ, ಆದರೂ 16 ಗ್ರಾಂ ಚಿನ್ನ ಮಾಯ! ಅಕ್ಕತಂಗಿಯರ ನಡುವೆ ಮಾತು ನಿಲ್ಲಲು ಅಷ್ಟು ಸಾಲದೇ? ಆಸ್ತಿ ಹಂಚುವಾಗ ತೊಲ, ಪವನು ಬಿಟ್ಟು ಗ್ರಾಮಿನಲ್ಲೇ ತೂಗಿ, ಗ್ರಾಮಿನಲ್ಲೇ ಬರೆದಿಡಿ.

ಇನ್ನು ತಕ್ಕಡಿಗೆ ಬಾರದ ಅಳತೆಗಳೂ ಇವೆಯಲ್ಲ! ನಾವು ತಡವಾಗಿ ಬಂದರೆ ಲೋಕಲ್ ರೈಲಿನ ತಪ್ಪು, ಮನೆಗೆಲಸದವಳು ತಡವಾಗಿ ಬಂದರೆ ಅವಳ ಸೋಮಾರಿತನ. ಅವಳಿಗೂ ಅದೇ ರೈಲು ತಾನೇ? ಮಗಳು ದಣಿದರೆ ಅಯ್ಯೋ ಪಾಪ, ಸೊಸೆ ದಣಿದರೆ ನಾಟಕ. ಇವೂ ಎರಡು ಸೇರುಗಳೇ. ಸರಕಾರದ ಮುದ್ರೆಯೊತ್ತುವ ಇನ್‌ಸ್ಪೆಕ್ಟರ್ ಇಂಥ ಸೇರು ನೋಡಲು ಬರುವುದಿಲ್ಲ, ನಾವೇ ನೋಡಿಕೊಳ್ಳಬೇಕು. ಏನಂತೀರಿ?